ಕೈಗೂಸಿನೊಡನೆ ಸಾಗರೋಲ್ಲಂಘನ

ಶಿಶುವನ್ನು ನಾಲ್ಕನೆಯ ತಿಂಗಳಿನಲ್ಲಿ ಮನೆಯಿಂದ ಹೊರಕ್ಕೆ ತಂದು ಸೂರ್ಯದರ್ಶನ ಮಾಡಿಸುವ ನಿಷ್ಕ್ರಮಣಸಂಸ್ಕಾರವು ನಮ್ಮಲ್ಲಿ ಬಹು ಪ್ರಾಚೀನವಾದುದು. ಹೊಸ್ತಿಲಿನಿಂದ ಅಂಗಳದವರೆಗಿನ ಪ್ರಯಾಣಕ್ಕೂ ಹಿರಿಯರು ಮುಹೂರ್ತವನ್ನು ನೋಡುತ್ತಿದ್ದರು. ಸಮುದ್ರಯಾನವನ್ನಾದರೋ ಬೋಧಾಯನ ಧರ್ಮಸೂತ್ರವು ಪಾತಿತ್ಯಕ್ಕೆ ಕಾರಣವಾದ ಕರ್ಮಗಳಲ್ಲಿ ಎಣಿಸಿರುವುದು. ಇವನ್ನೆಲ್ಲ ಓದಿಕೊಂಡ ನಾವು, ಕಳೆದ ಮಾಘಮಾಸದಲ್ಲಿ, ಎಂಟು ತಿಂಗಳ ಮೊಮ್ಮಗನೊಡನೆ ಸಿಂಗಪುರಕ್ಕೆ ಹೋಗಿಬಂದೆವೆಂದರೆ ವಾಚಕರು ನಗಬಹುದು. ನಮ್ಮ ಮಗಳು ಅಲ್ಲಿ ಸಂಸಾರ ಹೂಡಿರುವಳು. ತಮ್ಮನ ಮಗುವನ್ನು ಅವಳಿನ್ನೂ ಎತ್ತಿಕೊಂಡಿರಲಿಲ್ಲ. ನಾವು ದಂಪತಿಗಳು, ಮಗ, ಸೊಸೆ, ಶಿಶು—ಐವರಿಗೂ ಅದು ಪ್ರಥಮ ವಿದೇಶಯಾತ್ರೆ.

ಸನ್ನಾಹಗಳಲ್ಲಿ ಮುಖ್ಯವಾದವನ್ನು ಮಾತ್ರ ಹೇಳುವೆವು. ಕೈಗೂಸಿಗೂ ಪ್ರತ್ಯೇಕವಾದ ಪಾಸ್‌ಪೋರ್ಟು, ವೀಸಾ ಬೇಕು. ಪಾಸ್‌ಪೋರ್ಟಿನ ಭಾವಚಿತ್ರದಲ್ಲಿ ಕಣ್ಣು ತೆರೆದಿರಬೇಕೆಂಬುದು ನಿಯಮ. ನಮ್ಮ ಮಹಾರಾಯನು ಕಣ್ಣು ತೆರೆದಾಗ ಬಾಯನ್ನೂ ತೆರೆದು ಅಳುತ್ತಿದ್ದನಾದುದರಿಂದ ಅದಕ್ಕೇ ಅರ್ಧ ದಿನ ಹಿಡಿಯಿತು. ಎರಡು ವರ್ಷ ತುಂಬದ ಮಗುವು ತಾಯಿಯ ಮಡಿಲಿನಲ್ಲಿಯೇ ಪ್ರಯಾಣ ಮಾಡಬಹುದು. ಮುಂಭಾಗದ ಗೋಡೆಗೆ ಸಿಕ್ಕಿಸುವ ಚಿಕ್ಕ ತೊಟ್ಟಿಲನ್ನು ಬೇಕೆಂದವರು ಮೊದಲೇ ಕೇಳಿಕೊಳ್ಳಬೇಕು. ದ್ರವಪದಾರ್ಥಗಳಿಗೆ ನೂರು ಮಿಲಿಲೀಟರಿನ ಮಿತಿಯಿದ್ದರೂ ಶಿಶುವಿನ ಹಾಲು ಆಹಾರಗಳಿಗೆ ವಿನಾಯಿತಿಯುಂಟು. ಹೊರಡುವುದಕ್ಕೆ ಒಂದು ತಿಂಗಳು ಮೊದಲೇ ವೈದ್ಯರಿಗೆ ತೋರಿಸಿ ಲಸಿಕೆಗಳ ವಿಷಯವನ್ನು ವಿಚಾರಿಸಿದೆವು.

ರಾತ್ರಿ ಬೆಂಗಳೂರಿನಿಂದ ವಿಮಾನವು ಮೇಲೇರುವಾಗ ಸೊಸೆಯು ಹಾಲೂಡಿಸಿದಳು. ಮಗು ಸುಖವಾಗಿ ನಿದ್ರಿಸಿತು. ನಾಲ್ಕು ತಾಸುಗಳ ತರುವಾಯ ಇಳಿಯುವ ಸೂಚನೆ ಬಂದಿತು. ತೊಟ್ಟಿಲಿನಿಂದ ಮಡಿಲಿಗೆ ಬಂದರೂ ಮಗು ಕಣ್ಣು ಬಿಡಲಿಲ್ಲ. ಆಗ ಸೊಸೆಯು, “ಮಾವನವರೇ, ಇವನನ್ನು ಎಬ್ಬಿಸಿ ಹಾಲು ಕೊಡುವೆನು, ವೈದ್ಯರು ಹಾಗೆಯೇ ಹೇಳಿದ್ದಾರೆ” ಎಂದಳು. ನಾವು, “ಮಲಗಿದ ಮಗುವನ್ನು ಎಬ್ಬಿಸುವುದುಂಟೇ? ನಾಲ್ಕು ಮಕ್ಕಳನ್ನು ಸಾಕಿದ ಮನೆ ಇದು” ಎಂದು ತಡೆದೆವು. ಅವಳು ಸುಮ್ಮನಾದಳು. ಕಾಲು ಗಂಟೆಯೊಳಗಾಗಿ ಶಿಶುವು ಕಿವಿಯನ್ನು ಹಿಡಿದುಕೊಂಡು ಚೀರಲಾರಂಭಿಸಿತು. ಆಮೇಲೆ ಹಾಲು ಕೊಡಹೋದರೆ ಕುಡಿಯಲೊಲ್ಲದು. ನೆಲ ಮುಟ್ಟುವವರೆಗೂ ಆ ಆಕ್ರಂದನವು ನಿಲ್ಲಲಿಲ್ಲ. ಸೊಸೆಯು ನಮ್ಮನ್ನು ಕುರಿತು ಒಂದು ಮಾತನ್ನೂ ಆಡಲಿಲ್ಲ. ಆಡಿದ್ದರೆ ನಮಗೆ ಎಷ್ಟೋ ಹಗುರವಾಗುತ್ತಿತ್ತು.

ಇದರ ಕಾರಣವು ಸರಳವಾದುದು. ಆಗುಂಬೆಯ ಘಟ್ಟವನ್ನಿಳಿಯುವಾಗ ಕಿವಿಯು ಮುಚ್ಚಿದಂತಾಗುವುದನ್ನು ನಮ್ಮವರು ಬಲ್ಲರು. ಹಾರುವ ವಿಮಾನದೊಳಗಿನ ವಾಯುವಿನ ಒತ್ತಡವು ಸುಮಾರು 6,000ದಿಂದ 8,000 ಅಡಿ ಎತ್ತರದ ಬೆಟ್ಟದ ಮೇಲಿರುವಷ್ಟು ಮಾತ್ರ. ಇಳಿಯುವಾಗ ಅದು ಬೇಗನೆ ಹೆಚ್ಚಿ ಕಿವಿಯ ತಮಟೆಯನ್ನು ಒಳಕ್ಕೆ ಒತ್ತುವುದು. ಕಿವಿಗೂ ಗಂಟಲಿಗೂ ನಡುವೆ ಇರುವ ನಾಳವು ನುಂಗಿದಾಗ ತೆರೆದು ಒತ್ತಡವನ್ನು ಸಮಮಾಡುವುದು. ಶಿಶುವಿನಲ್ಲಿ ಈ ನಾಳವು ಕಿರಿದು. ನಿದ್ರೆಯಲ್ಲಿ ನುಂಗುವುದೂ ಕಡಿಮೆ. ಆದುದರಿಂದಲೇ ಎಬ್ಬಿಸಿ ಹಾಲೂಡಿಸಬೇಕು. ನೆಗಡಿಯಾಗಲಿ ಕಿವಿನೋವಾಗಲಿ ಇರುವ ಮಗುವನ್ನು ವೈದ್ಯರಿಗೆ ತೋರಿಸದೆ ಹೊರಡಿಸಲೇಬಾರದು.

ಸಿಂಗಪುರದಲ್ಲಿ ನೋಡಬೇಕಾದ ಹತ್ತು ಸ್ಥಳಗಳ ಪಟ್ಟಿಯನ್ನು ನಾವು ಬರೆದುಕೊಂಡಿದ್ದೆವು, ನೋಡಿದುದು ಎರಡನ್ನೇ. ಅಲ್ಲಿಯ ಗಡಿಯಾರವು ನಮ್ಮದಕ್ಕಿಂತ ಎರಡೂವರೆ ತಾಸು ಮುಂದು. ಶಿಶುವಾದರೋ ಬೆಂಗಳೂರಿನ ಕಾಲವನ್ನೇ ಪಾಲಿಸಿತು. ಅಲ್ಲಿಯವರು ಮಲಗುವ ಹೊತ್ತಿಗೆ ಆಟ, ಅವರು ಕೆಲಸಕ್ಕೆ ಹೊರಟ ಮೇಲೆ ನಿದ್ರೆ. ಸಮಭಾಜಕವೃತ್ತಕ್ಕೆ ಬಹು ಸಮೀಪದ ಊರಾದುದರಿಂದ ಮಧ್ಯಾಹ್ನದ ಸೆಕೆಯಲ್ಲಿ ಮಗುವನ್ನು ತಿರುಗಿಸುವಂತಿರಲಿಲ್ಲ. ಒಂದು ಸಂಜೆ 1827ರಲ್ಲಿ ಸ್ಥಾಪಿತವಾದ ಮಾರಿಯಮ್ಮನ ಗುಡಿಗೆ ಹೋದೆವು. ಮತ್ತೊಂದು ಬೆಳಗ್ಗೆ 1859ರಲ್ಲಿ ಆರಂಭವಾಗಿ 2015ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಸಸ್ಯೋದ್ಯಾನವನ್ನು ಕಂಡೆವು. ಅಲ್ಲಿಯ ಐದು ಡಾಲರಿನ ನೋಟಿನ ಮೇಲೆ ಅಚ್ಚಾಗಿರುವ ತೆಂಬುಸು ಎಂಬ ಹಿರಿಯ ಮರವು ಈ ತೋಟದ್ದೇ. ಅದನ್ನು ನಾವು ಬೆರಗಿನಿಂದ ನೋಡುತ್ತಿದ್ದರೆ, ಮೊಮ್ಮಗನು ಸೋದರತ್ತೆಯ ತೊಡೆಯ ಮೇಲೆ ಕುಳಿತು ಉದುರಿದ ಒಂದು ಎಲೆಯನ್ನು ಅರ್ಧ ಗಂಟೆ ನೋಡಿದನು. ಮಗಳು ಅವನನ್ನು ನೋಡಿದಳು. ಉಳಿದ ಎಂಟು ಸ್ಥಳಗಳ ಚಿಂತೆಯನ್ನು ನಾವು ಅಲ್ಲಿಯೇ ಬಿಟ್ಟೆವು.

ಹಿಂದಿರುಗುವಾಗ ವಿಮಾನವು ಇಳಿಯಲಾರಂಭಿಸಿದೊಡನೆ ಶಿಶುವನ್ನು ಮೃದುವಾಗಿ ತಟ್ಟಿ ಎಬ್ಬಿಸಿದವರು ನಾವೇ. ನಮ್ಮ ಗೃಹಿಣಿಯು ಶಾಲನ್ನು ಮರೆ ಹಿಡಿದಳು. ಮಗು ಹಾಲು ಕುಡಿಯುತ್ತ ಬೆಂಗಳೂರಿಗೆ ಇಳಿಯಿತು. ಸೊಸೆಯು ನಮ್ಮ ಕಡೆ ನೋಡಿ ನಕ್ಕಳು.

ಮಕ್ಕಳನ್ನು ಸಾಕಿದ ಅನುಭವವು ಹಿರಿಯರಲ್ಲಿ ಇರುವುದು ದಿಟ. ಆದರೆ ನಾವು ಮಕ್ಕಳನ್ನು ಸಾಕಿದುದು ನೆಲದ ಮೇಲೆ. ಪಯಣವು ಹೊಸದಾದಾಗ ತಾಯಿಯ ಮಾತಿಗೆ ಕಿವಿಗೊಡುವುದು ಹಿರಿತನಕ್ಕೆ ಕುಂದಲ್ಲ. ಹಾಗೆ ಮಾಡಿದರೆ ಮಗುವಿನ ಕಿವಿಯೂ ಸುಖವಾಗಿರುವುದು.