ಪಿಕಪ್ ಕಡಿಮೆ, ಆಯುಷ್ಯ ಜಾಸ್ತಿ

ಉಡುಪಿಯ ಕಲ್ಸಂಕದಿಂದ ಹೊರಟು ಕಡಿಯಾಳಿ, ಕುಂಜಿಬೆಟ್ಟು, ಇಂದ್ರಾಳಿ ದಾಟಿ ಮಣಿಪಾಲ ಸೇರಲು ಐದಾರು ಕಿಲೋಮೀಟರ್ ಸಾಕು. ಆದರೆ ಹಳೆಯ ಮಾರುತಿ 800ರಲ್ಲಿ ನಾಲ್ಕು ಜನ ಕುಳಿತು, ಎ.ಸಿ. ಹಾಕಿಕೊಂಡು ಆ ಏರು ಹತ್ತಿದವರಿಗೆ ಅದು ದೊಡ್ಡ ದಾರಿಯೇ. ನಾಲ್ಕನೇ ಗೇರಿನಲ್ಲಿದ್ದ ಗಾಡಿಯನ್ನು ಮೂರಕ್ಕೆ ತರಬೇಕು, ಮೂರೂ ಸಾಲದೆ ಎರಡಕ್ಕೆ ಇಳಿಸಬೇಕು, ಕೊನೆಗೆ ಕೈ ಎ.ಸಿ. ಗುಂಡಿಯ ಕಡೆ ಹೋಗುತ್ತದೆ. ಗುಂಡಿ ಆರಿಸಿದ ಮರುಕ್ಷಣ ಕಾರಿಗೆ ಉಸಿರು ಬರುತ್ತದೆ. ಕರಾವಳಿಯ ಒಂದಿಡೀ ತಲೆಮಾರು ಡ್ರೈವಿಂಗ್ ಕಲಿತದ್ದು ಹೀಗೆ.

“ಪಿಕಪ್ ಹೇಗುಂಟು?” ಸೆಕೆಂಡ್ ಹ್ಯಾಂಡ್ ಕಾರು ನೋಡಲು ಹೋದ ಹುಡುಗರು ಇಲ್ಲಿ ಮೊದಲು ಕೇಳುವುದು ಇದನ್ನು. ಮನೆಯ ಹಿರಿಯರ ಪ್ರಶ್ನೆ ಬೇರೆ: “ದಾರಿಯಲ್ಲಿ ಕೈ ಕೊಡುವುದಿಲ್ಲ ತಾನೆ?” ಮಣಿಪಾಲದ ಚಹಾದಂಗಡಿಯಾಗಲಿ, ಕಾರ್ಕಳದ ಗ್ಯಾರೇಜಾಗಲಿ, ಕಾರಿನ ಹುಚ್ಚಿರುವವರು ಸೇರಿದಲ್ಲೆಲ್ಲ ಮಾತು ಈ ಎರಡು ಪ್ರಶ್ನೆಗಳನ್ನು ಸುತ್ತುತ್ತದೆ. ಅವುಗಳ ಬೆನ್ನಿಗೇ ಮೂರನೆಯದೂ ಬರುತ್ತದೆ: ಇದಕ್ಕೊಂದು ದೊಡ್ಡ ಎಂಜಿನ್ ಕೂರಿಸಿದರೆ ಹೇಗೆ?

ಮೊದಲ ಮಾರುತಿ 800ರ ಕೀಲಿಯನ್ನು ಅಂದಿನ ಪ್ರಧಾನಿ ಇಂದಿರಾ ಗಾಂಧಿ 1983ರ ಡಿಸೆಂಬರ್ 14ರಂದು ಗ್ರಾಹಕರೊಬ್ಬರ ಕೈಗಿತ್ತರು. ಮೂರು ಸಿಲಿಂಡರ್, 796 ಸಿ.ಸಿ., 40 ಅಶ್ವಶಕ್ತಿಯ ಒಳಗೆ ಬಲ. ಕಾರಿನ ತೂಕ ಸುಮಾರು 650 ಕಿಲೋ. ಇವತ್ತಿನ ಲೆಕ್ಕಕ್ಕೆ ಇದು ಏನೂ ಅಲ್ಲ. ಅಂದು ಮಾತ್ರ ಇದೇ ಚುರುಕಿನ ಕಾರು. ಏಕೆಂದರೆ ಅದರ ಎದುರಿಗಿದ್ದ ಅಂಬಾಸಿಡರ್ ಒಂದು ಟನ್‌ಗೂ ಮಿಕ್ಕಿ ತೂಗುತ್ತಿತ್ತು, ಅದರ 1489 ಸಿ.ಸಿ. ಡೀಸೆಲ್ ಎಂಜಿನ್ನಿನ ಬಲ 40 ಅಶ್ವಶಕ್ತಿಯನ್ನೂ ಮುಟ್ಟುತ್ತಿರಲಿಲ್ಲ. ಅಂಥ ಅಂಬಾಸಿಡರ್ ಟ್ಯಾಕ್ಸಿಗಳು ಮದುವೆ ದಿಬ್ಬಣವನ್ನೂ ಆಸ್ಪತ್ರೆಯ ರೋಗಿಗಳನ್ನೂ ಹೊತ್ತು ಘಾಟಿ ಹತ್ತಿದವು. ನಿಧಾನವಾಗಿ ಹತ್ತಿದವು, ಆದರೆ ಹತ್ತಿದವು.

2010ರ ಏಪ್ರಿಲ್‌ನಲ್ಲಿ ಬೆಂಗಳೂರೂ ಸೇರಿ 13 ನಗರಗಳಿಗೆ ಭಾರತ್ ಸ್ಟೇಜ್ 4 ಹೊಗೆ ನಿಯಮ ಬಂದಾಗ ಅಲ್ಲೆಲ್ಲ 800ರ ಮಾರಾಟ ನಿಂತಿತು. ಉಡುಪಿ ಆ ಪಟ್ಟಿಯಲ್ಲಿರಲಿಲ್ಲ. ಹಾಗಾಗಿ ರಾಜಧಾನಿಯಲ್ಲಿ ಸಿಗದ ಹೊಸ 800 ಇಂಥ ಊರುಗಳ ಪಾಲಿಗೆ ಇನ್ನೂ ಕೆಲವು ವರ್ಷ ಉಳಿಯಿತು. ತಯಾರಿಕೆ ಪೂರ್ತಿ ನಿಂತದ್ದು 2014ರ ಜನವರಿಯಲ್ಲಿ. ಅದೇ ವರ್ಷದ ಮೇ ತಿಂಗಳಲ್ಲಿ ಅಂಬಾಸಿಡರ್ ಕೂಡ ನಿಂತಿತು. ಕೆಎ 20 ನಂಬರಿನ ಹಳೆ 800ಗಳು ಇವತ್ತಿಗೂ ಮಕ್ಕಳ ಮೊದಲ ಕಾರಾಗಿ ಮನೆಯಂಗಳದಲ್ಲಿ ನಿಂತಿರುವುದಕ್ಕೆ ಈ ಇತಿಹಾಸವೂ ಒಂದು ಕಾರಣ.

ಮೊದಲ ಕಾರು ನಿಧಾನದ್ದಾಗಿರುವುದು ಕೊರತೆಯಲ್ಲ, ಲಾಭ. ಹೆಬ್ರಿ, ಸೋಮೇಶ್ವರ ದಾಟಿ ಆಗುಂಬೆ ಘಾಟಿಯ 14 ತಿರುವುಗಳನ್ನು ಇಂಥ ಕಾರಿನಲ್ಲಿ ಹತ್ತಿದವನಿಗೆ ಯಾವ ತಿರುವಿಗೆ ಯಾವ ಗೇರು ಎಂಬುದು ಕಿವಿಯಿಂದಲೇ ತಿಳಿಯುತ್ತದೆ. ತಿರುವಿಗೆ ಮುಂಚೆಯೇ ಗೇರು ಇಳಿಸದಿದ್ದರೆ ಗಾಡಿ ಅಲ್ಲೇ ಏದುಸಿರು ಬಿಡುತ್ತದೆ. ಮೇಲೆ ಹೋದಂತೆ ಗಾಳಿ ತೆಳುವಾಗುವುದರಿಂದ ಆಗುಂಬೆ ತಲುಪುವ ಹೊತ್ತಿಗೆ ಎಂಜಿನ್ನಿನ ಬಲ ಶೇ. 6ರಷ್ಟು ಕುಗ್ಗಿರುತ್ತದೆ. ದೊಡ್ಡ ಎಂಜಿನ್ನಿಗೆ ಇದು ಗೊತ್ತೇ ಆಗದು, 800ಕ್ಕೆ ಚೆನ್ನಾಗಿ ಗೊತ್ತಾಗುತ್ತದೆ. ಓವರ್‌ಟೇಕ್ ಮಾಡುವ ಮುನ್ನ ಎದುರಿನ ದಾರಿ ಎಷ್ಟು ದೂರ ಖಾಲಿ ಇರಬೇಕು ಎಂದು ಅಳೆಯುವುದನ್ನೂ ನಿಧಾನದ ಕಾರೇ ಕಲಿಸುತ್ತದೆ. ಬಲವಾದ ಕಾರಿನಲ್ಲಿ ಶುರು ಮಾಡಿದವರಿಗೆ ಈ ಪಾಠ ತಡವಾಗಿ ಸಿಗುತ್ತದೆ. ಕಾಪು, ಪಡುಬಿದ್ರಿಯ ನಡುವೆ ರಾಷ್ಟ್ರೀಯ ಹೆದ್ದಾರಿ 66ರಂಥ ನೇರ ರಸ್ತೆಯಲ್ಲಿ ತಡವಾಗಿ ಕಲಿಯುವುದು ಅಪಾಯ.

ಇನ್ನು ಹಿರಿಯರ ಪ್ರಶ್ನೆ. ಕಾರು ನಂಬಿಕಸ್ಥವೇ ಎಂಬುದು ಕಂಪನಿಯ ಹೆಸರಿನಿಂದ ಮಾತ್ರ ನಿರ್ಧಾರವಾಗುವುದಿಲ್ಲ, ಊರಿನ ಹವೆಯೂ ಅದನ್ನು ನಿರ್ಧರಿಸುತ್ತದೆ. ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ 4000 ಮಿಲಿಮೀಟರ್‌ಗೂ ಮಿಕ್ಕಿ ಮಳೆ ಸುರಿಯುತ್ತದೆ. ಕಾಪುವಿನ ದೀಪಸ್ತಂಭದ ಆಸುಪಾಸಿನ ಮನೆಗಳಿಗೆ ಮಳೆ ನಿಂತ ಮೇಲೂ ಕಡಲಿನ ಉಪ್ಪುಗಾಳಿ ತಪ್ಪದು. ಎಂಜಿನ್ ಗಟ್ಟಿಯಾಗಿದ್ದು ಬಾಡಿ ಕರಗಿಹೋದ ಕಾರುಗಳು ಇಲ್ಲಿ ಎಷ್ಟೋ. ತುಕ್ಕು ಶುರುವಾಗುವುದು ಕಣ್ಣಿಗೆ ಕಾಣದ ಕಡೆ: ಕಾಲಡಿಯ ಮ್ಯಾಟ್ ಕೆಳಗೆ, ಚಕ್ರದ ಮೇಲಿನ ಕಮಾನಿನ ಒಳಮೈಯಲ್ಲಿ, ಬಾನೆಟ್ ಮತ್ತು ಗಾಜಿನ ನಡುವೆ ಎಲೆ ಕೊಳೆತು ನೀರಿಳಿಯುವ ತೂತು ಕಟ್ಟುವ ಜಾಗದಲ್ಲಿ. ಕೆಂಪು ಮಣ್ಣು ಅಲ್ಲಿ ಅಂಟಿ ಕೂತರೆ ತಿಂಗಳುಗಟ್ಟಲೆ ಒಣಗುವುದಿಲ್ಲ. ಅದರ ಮೇಲೆಯೇ ಅಂಡರ್‌ಬಾಡಿ ಕೋಟಿಂಗ್ ಹೊಡೆಸಿದರೆ ತೇವ ಒಳಗೇ ಸಿಕ್ಕಿಕೊಂಡು ತುಕ್ಕು ಇನ್ನೂ ಬೇಗ ಹರಡುತ್ತದೆ. ಮೊದಲು ಸಿಹಿನೀರಿನಲ್ಲಿ ಅಡಿಭಾಗ ತೊಳೆಸಿ, ಒಣಗಿಸಿ, ತುಕ್ಕು ಕೆರೆಸಿ, ಆಮೇಲೆ ಕೋಟಿಂಗ್. ಈ ಕ್ರಮ ತಪ್ಪಿಸಬಾರದು.

ಕಾರ್ಬುರೇಟರ್ ಕಾಲದ 800ಗಳಿಗೆ ಮಳೆಗಾಲದಲ್ಲಿ ಇನ್ನೊಂದು ಕಾಯಿಲೆ. ಸ್ಪಾರ್ಕ್ ಹಂಚುವ ಡಿಸ್ಟ್ರಿಬ್ಯೂಟರ್ ಮುಚ್ಚಳದೊಳಗೆ ತೇವ ಸೇರಿದರೆ ಬೆಳಗ್ಗೆ ಗಾಡಿ ಸ್ಟಾರ್ಟ್ ಆಗುವುದೇ ಇಲ್ಲ. ಮುಚ್ಚಳ ಬಿಚ್ಚಿ ಒಣ ಬಟ್ಟೆಯಲ್ಲಿ ಒರೆಸಿದರೆ ಬಹಳ ಸಲ ಅಷ್ಟೇ ಸಾಕು, ಗಾಡಿ ಹೊರಡುತ್ತದೆ. ನಂತರ ಬಂದ, ಇಂಧನವನ್ನು ಸಿಂಪಡಿಸುವ ಎಂಪಿಎಫ್‌ಐ ಕಾರುಗಳಲ್ಲಿ ಇಂಥ ತೊಂದರೆ ಕಡಿಮೆ, ಆದರೆ ಸೆನ್ಸರ್ ಕೆಟ್ಟರೆ ಸ್ಕ್ಯಾನರ್ ಇರುವ ಗ್ಯಾರೇಜಿಗೇ ಹೋಗಬೇಕು. ಕೆಡುವುದು ಅಪರೂಪವಾಗಿರಬೇಕೋ, ಕೆಟ್ಟರೆ ದಾರಿಬದಿಯಲ್ಲೇ ಸರಿಯಾಗಬೇಕೋ? ಹಳೆ ಕಾರು ಪ್ರಿಯರ ವಾದ ಇಲ್ಲಿಗೆ ಬಂದು ನಿಲ್ಲುತ್ತದೆ. ದಿನಾ ಓಡಿಸುವವರಿಗೆ ಎಂಪಿಎಫ್‌ಐ ವಾಸಿ ಎಂಬುದರಲ್ಲಿ ಅನುಮಾನವಿಲ್ಲ.

ಹಳೆ ಗಾಡಿಯವರು ಈಗ ಪೆಟ್ರೋಲಿನ ಮೇಲೂ ಕಣ್ಣಿಡಬೇಕಾಗಿದೆ. ಶೇ. 20 ಎಥನಾಲ್ ಬೆರೆತ ಇ20 ಪೆಟ್ರೋಲಿಗೆ 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲೇ ಚಾಲನೆ ಸಿಕ್ಕಿತು. ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ, ಹಳೆಯ ರಬ್ಬರ್ ಪೈಪುಗಳನ್ನು ಬೇಗ ಸವೆಸುತ್ತದೆ. ಮಳೆಗಾಲವಿಡೀ ಶೆಡ್ಡಿನಲ್ಲಿ ನಿಲ್ಲುವ ಕಾರಿಗೆ ಇದು ಹೆಚ್ಚು ಕಾಡುತ್ತದೆ. ಇಂಧನದ ಪೈಪುಗಳನ್ನು ಬದಲಿಸುವುದು ದೊಡ್ಡ ಖರ್ಚಲ್ಲ. ಸೋರಿ ಬೆಂಕಿ ಹತ್ತಿದರೆ ಉಳಿಯುವುದು ಏನೂ ಇಲ್ಲ.

ಇಷ್ಟೆಲ್ಲ ಸರಿಯಿದ್ದವರಿಗೂ ದೊಡ್ಡ ಎಂಜಿನ್ನಿನ ಆಸೆ ಬಿಡುವುದಿಲ್ಲ. ಆಸೆಗೆ ಆಧಾರವೂ ಇದೆ, ಏಕೆಂದರೆ ಅದೇ ಕಂಪನಿಯ ಬೇರೆ ಎಂಜಿನ್ನುಗಳು ಗುಜರಿಯಲ್ಲೇ ಸಿಗುತ್ತವೆ. ಝೆನ್‌ನ 993 ಸಿ.ಸಿ. ನಾಲ್ಕು ಸಿಲಿಂಡರ್ ಎಂಜಿನ್ 50 ಅಶ್ವಶಕ್ತಿಯದು. ಎಸ್ಟೀಮ್‌ನ 1298 ಸಿ.ಸಿ. ಎಂಜಿನ್ ಕೊನೆಗೆ 85ರ ತನಕ ಬಂದಿತ್ತು. 650 ಕಿಲೋದ ಕಾರಿಗೆ 85 ಅಶ್ವಶಕ್ತಿ ಎಂದರೆ ಕಾರಿನ ಗುಣವೇ ಬದಲಾದಂತೆ. ದಕ್ಷಿಣ ಭಾರತದ ರೇಸ್ ಮತ್ತು ರ್‍ಯಾಲಿ ವಲಯದಲ್ಲಿ ಇಂಥ ಪ್ರಯೋಗಗಳು ಬಹಳ ನಡೆದಿವೆ.

ಕಂಪನಿಗಳೂ ಇದನ್ನೇ ಮಾಡಿವೆ. 1985ರಲ್ಲಿ ಬಂದ ಜಿಪ್ಸಿಯ 970 ಸಿ.ಸಿ. ಎಂಜಿನ್ 45 ಅಶ್ವಶಕ್ತಿ ಕೊಡುತ್ತಿತ್ತು. 1996ರಲ್ಲಿ ಜಿಪ್ಸಿ ಕಿಂಗ್ 1300 ಸಿ.ಸಿ.ಯ 60 ಅಶ್ವಶಕ್ತಿಗೆ ಏರಿತು, ನಂತರದ 16 ವಾಲ್ವ್ ಎಂಪಿಎಫ್‌ಐ ಅದನ್ನು 80ಕ್ಕೆ ಒಯ್ದಿತು. ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್‌ನ ಕೆ-1000ರಂಥ ರ್‍ಯಾಲಿಗಳಲ್ಲಿ ಧೂಳೆಬ್ಬಿಸಿ ಹೆಸರು ಮಾಡಿದ್ದು ಇದೇ ಜಿಪ್ಸಿ. 2010ರಲ್ಲಿ ಆಲ್ಟೊಗೆ 998 ಸಿ.ಸಿ. ಎಂಜಿನ್ ಬಂದದ್ದೂ ಇದೇ ಜಾಡಿನಲ್ಲಿ. ಕಂಪನಿ ಎಂಜಿನ್ ಬದಲಿಸುವಾಗ ಅದಕ್ಕೊಪ್ಪುವ ಗೇರ್‌ಬಾಕ್ಸ್, ರೇಡಿಯೇಟರ್, ಬ್ರೇಕುಗಳನ್ನೂ ಪರೀಕ್ಷೆ ಮಾಡಿ ಕೊಡುತ್ತದೆ. ಗ್ಯಾರೇಜಿನಲ್ಲಿ ಅಡಚಣೆ ಆಗುವುದು ಇಲ್ಲೇ. ಎಂಜಿನ್ ಕೂರುತ್ತದೆ, ಬ್ರೇಕ್ ಹಳೆಯದೇ ಉಳಿಯುತ್ತದೆ.

60ರ ವೇಗದ ಕಾರನ್ನು ನಿಲ್ಲಿಸಲು ಬ್ರೇಕ್ ಎಷ್ಟು ಶಕ್ತಿಯನ್ನು ನುಂಗಬೇಕೋ, 90ರ ವೇಗದಲ್ಲಿ ಅದರ ಎರಡೂಕಾಲು ಪಟ್ಟು ನುಂಗಬೇಕು. ವೇಗ ಒಂದೂವರೆ ಪಟ್ಟಾದರೆ ಶಕ್ತಿ ಅದರ ವರ್ಗದಷ್ಟು ಏರುತ್ತದೆ. ಆ ಶಕ್ತಿಯೆಲ್ಲ ಬಿಸಿಯಾಗುತ್ತದೆ, ಅದರಲ್ಲೊಂದು ಪಾಲು ಬ್ರೇಕ್ ಆಯಿಲಿಗೂ ತಾಗುತ್ತದೆ. ಹೊಸ ಡಾಟ್ 3 ಆಯಿಲ್ 205 ಡಿಗ್ರಿ ಸೆಲ್ಸಿಯಸ್ ತನಕ ಕುದಿಯಬಾರದು ಎಂಬುದು ಮಾನದಂಡ. ತೇವ ಹೀರಿದ ಆಯಿಲಿಗೆ ಆ ಮಿತಿ 140 ಡಿಗ್ರಿ ಮಾತ್ರ. ಕರಾವಳಿಯ ಗಾಳಿಯಲ್ಲಿ ತೇವಕ್ಕೇನು ಬರ? ಆಯಿಲ್ ಕುದಿದರೆ ಪೆಡಲ್ ಒತ್ತಿದಷ್ಟೂ ಒಳಗೆ ಹೋಗುತ್ತದೆ, ಗಾಡಿ ನಿಲ್ಲುವುದಿಲ್ಲ. ಮಾಳದ ಘಾಟಿಯಿಂದ ಬಜಗೋಳಿ ಕಡೆಗೆ ಇಳಿಯುವಾಗ ಹಾಗಾಗಬಾರದು. ಎರಡು ವರ್ಷಕ್ಕೊಮ್ಮೆ ಬ್ರೇಕ್ ಆಯಿಲ್ ಬದಲಿಸುವುದು, ಇಳಿಜಾರಿನಲ್ಲಿ ಎರಡನೇ ಗೇರಿನಲ್ಲೇ ಇಳಿಯುವುದು, ಸವೆದ ಟೈರು ತೆಗೆಸುವುದು: ಹಳೆ ಕಾರಿಗೆ ನಿಜವಾದ ಅಪ್‌ಗ್ರೇಡ್ ಎಂದರೆ ಮೊದಲು ಇವು.

ಕಾನೂನೂ ಸ್ಪಷ್ಟವಾಗಿದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ತಯಾರಕರು ಮೂಲದಲ್ಲಿ ಕೊಟ್ಟ ವಿವರಗಳಿಗೆ ವ್ಯತ್ಯಾಸವಾಗುವಂತೆ ಮಾಲೀಕರು ವಾಹನವನ್ನು ಮಾರ್ಪಡಿಸುವಂತಿಲ್ಲ. ಅನುಮತಿ ಪಡೆದ ಎಲ್‌ಪಿಜಿ, ಸಿಎನ್‌ಜಿ ಅಥವಾ ಬ್ಯಾಟರಿ ಕಿಟ್‌ನಂಥವಕ್ಕೆ ವಿನಾಯಿತಿ ಇದೆ. ಕೇರಳದ ಪ್ರಕರಣವೊಂದರಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಈ ನಿಯಮವನ್ನು ಎತ್ತಿಹಿಡಿಯಿತು. ಆರ್‌ಸಿಯಲ್ಲಿರುವ ಎಂಜಿನ್ ನಂಬರೇ ಬೇರೆ, ಬಾನೆಟ್ ಕೆಳಗಿರುವುದೇ ಬೇರೆ ಎಂದಾದರೆ ಅಪಘಾತವಾದಾಗ ವಿಮೆಯ ಹಣವೂ ಕೈತಪ್ಪಬಹುದು. ವೇಗದ ಆಸೆ ತೀರಿಸಿಕೊಳ್ಳಲು ಮುಚ್ಚಿದ ಟ್ರ್ಯಾಕ್ ಇದೆ, ರ್‍ಯಾಲಿ ಇದೆ. ಅಲ್ಲಿ ಹೆಲ್ಮೆಟ್, ರೋಲ್ ಕೇಜ್, ವಾಹನದ ತಪಾಸಣೆ ಎಲ್ಲವೂ ಕಡ್ಡಾಯ.

ಮಣಿಪಾಲದಲ್ಲೇ ಇದಕ್ಕೊಂದು ಒಳ್ಳೆಯ ದಾರಿ ಇದೆ. 1957ರಲ್ಲಿ ಶುರುವಾದ ಮಣಿಪಾಲ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯ ವಿದ್ಯಾರ್ಥಿಗಳು ‘ಫಾರ್ಮುಲಾ ಮಣಿಪಾಲ್’ ಹೆಸರಿನ ತಂಡ ಕಟ್ಟಿಕೊಂಡು ರೇಸ್ ಕಾರುಗಳನ್ನು ತಾವೇ ವಿನ್ಯಾಸ ಮಾಡಿ ತಯಾರಿಸುತ್ತಾರೆ. ಅವರು ಸ್ಪರ್ಧಿಸುವ ಫಾರ್ಮುಲಾ ಸ್ಟೂಡೆಂಟ್ ಪಂದ್ಯಗಳಲ್ಲಿ ಪೆಟ್ರೋಲ್ ಎಂಜಿನ್ 710 ಸಿ.ಸಿ. ಮೀರುವಂತಿಲ್ಲ. ಎಂಜಿನ್ನಿಗೆ ಹೋಗುವ ಗಾಳಿಯಷ್ಟೂ 20 ಮಿಲಿಮೀಟರ್ ವ್ಯಾಸದ ಒಂದೇ ತೂತಿನಿಂದ ಹೋಗಬೇಕು. ಎಷ್ಟೇ ದೊಡ್ಡ ಎಂಜಿನ್ ತಂದರೂ ಆ ತೂತು ಅದರ ಬಲವನ್ನು ಕಟ್ಟಿಹಾಕುತ್ತದೆ. ಇನ್ನು ಅತಿ ಹೆಚ್ಚು ಅಂಕ ಇರುವುದು ಸುಮಾರು 22 ಕಿಲೋಮೀಟರಿನ ಸಹಿಷ್ಣುತೆಯ ಓಟಕ್ಕೆ. ನಡುವೆ ಚಾಲಕರು ಬದಲಾಗಬೇಕು, ನಿಂತ ಬಿಸಿ ಎಂಜಿನ್ ಮತ್ತೆ ಸ್ಟಾರ್ಟ್ ಆಗಬೇಕು. ಅದೆಷ್ಟೋ ವೇಗದ ಕಾರುಗಳು ಇಲ್ಲಿ ಆಯಿಲ್ ಸೋರಿಯೋ ವೈರ್ ಕಳಚಿಯೋ ಹೊರಬೀಳುತ್ತವೆ, ಓಟ ಮುಗಿಸಿದ ಕಾರು ಮೇಲೆ ಬರುತ್ತದೆ.

ಹದಿನೈದು ವರ್ಷ ತುಂಬಿದ ಕಾರಿನ ನೋಂದಣಿ ನವೀಕರಣಕ್ಕೆ 2022ರ ಏಪ್ರಿಲ್‌ನಿಂದ ಶುಲ್ಕ ಏರಿ, ಹಲವರು ತಮ್ಮ 800ಗಳನ್ನು ಗುಜರಿಗೆ ಹಾಕುವ ಯೋಚನೆಯಲ್ಲಿದ್ದಾರೆ. ಹಾಕುವ ಮುನ್ನ ಒಮ್ಮೆ ಕಾರನ್ನು ಜಾಕ್ ಮೇಲೆ ಎತ್ತಿಸಿ ಅಡಿಭಾಗ ನೋಡಿಸಿ. ತಳ ತೂತಾಗಿದ್ದರೆ ಮರುಕ ಬೇಡ, ಬಿಟ್ಟುಬಿಡಿ. ತಳ ಗಟ್ಟಿಯಿದ್ದು ಎಂಜಿನ್ ನೀಲಿ ಹೊಗೆ ಉಗುಳದಿದ್ದರೆ ಬ್ರೇಕ್, ಟೈರು, ಇಂಧನದ ಪೈಪು ಹೊಸದು ಮಾಡಿಸಿ, ಈ ಮಳೆಗಾಲಕ್ಕೆ ಮುಂಚೆ ಲೈಸೆನ್ಸ್ ಪಡೆದ ಮಗಳ ಕೈಗೋ ಮಗನ ಕೈಗೋ ಕೀಲಿ ಕೊಡಿ.