ನಿಮಗಿದು ಗೊತ್ತೆ? ಡಬ್ಬಿ ಒಂದೇ, ಕೂಗು ಎಂಬತ್ತು!

ಯಾರೊಬ್ಬರೂ ಬಳಸದಿದ್ದರೂ ವೈ-ಫೈ ಹೆಸರೊಂದು ಸೆಕೆಂಡಿಗೆ ಸುಮಾರು 10 ಬಾರಿ ‘ನಾನಿದ್ದೇನೆ’ ಎಂದು ಕೂಗುತ್ತಲೇ ಇರುತ್ತದೆ.

ಹೋಟೆಲ್ ಲಾಬಿಯಲ್ಲಿ ಫೋನ್ ತೆರೆದರೆ ಅತಿಥಿಗಳಿಗೊಂದು, ಸಿಬ್ಬಂದಿಗೊಂದು, ಆಫೀಸಿಗೊಂದು ನೆಟ್‌ವರ್ಕ್ ಕಾಣುತ್ತವಲ್ಲ? ಎಷ್ಟೋ ಸಲ ಅವೆಲ್ಲ ಚಾವಣಿಗೆ ಅಂಟಿಸಿದ ಒಂದೇ ಡಬ್ಬಿಯ, ಅಂದರೆ ಆಕ್ಸೆಸ್ ಪಾಯಿಂಟ್‌ನ, ವೇಷಗಳು. ಪಾಸ್‌ವರ್ಡ್ ಬೇರೆ ಬೇರೆ. ಹಂಚಿಕೊಳ್ಳುವ ಚಾನೆಲ್ ಮಾತ್ರ ಒಂದೇ.

ಪ್ರತಿ ಹೆಸರಿನ ‘ನಾನಿದ್ದೇನೆ’ ಕೂಗಿಗೆ ‘ಬೀಕನ್’ ಎನ್ನುತ್ತಾರೆ. ಸಾಮಾನ್ಯವಾಗಿ 102.4 ಮಿಲಿಸೆಕೆಂಡಿಗೊಮ್ಮೆ ಹೊರಡುತ್ತದೆ. ಹಳೆಯ ಸಾಧನಗಳಿಗೂ ಕೇಳಿಸಲೆಂದು ಅದನ್ನು ತೀರಾ ನಿಧಾನವಾಗಿ ಕಳಿಸುತ್ತಾರೆ. 2.4 ಗಿಗಾಹರ್ಟ್ಸ್‌ನಲ್ಲಿ ಹಲವೆಡೆ ಈಗಲೂ 1 ಎಂಬಿಪಿಎಸ್ ವೇಗ! ಒಂದೇ ಡಬ್ಬಿಗೆ 8 ಹೆಸರಿಟ್ಟರೆ ಸೆಕೆಂಡಿಗೆ ಸುಮಾರು 80 ಬೀಕನ್. ಅವು ಹಾದುಹೋಗುವಷ್ಟು ಹೊತ್ತು ನಿಮ್ಮ ವಿಡಿಯೊ ಕಾಯಬೇಕು. ಪಕ್ಕದ ಕೋಣೆಯ ಡಬ್ಬಿಯೂ ಅದೇ ಚಾನೆಲ್‌ನಲ್ಲಿದ್ದರೆ ಅದರ ಗಲಾಟೆ ಬೇರೆ. ಮೂರ್ನಾಲ್ಕು ಹೆಸರಿಗೆ ನಿಲ್ಲಿಸಿ ಎಂದು ತಂತ್ರಜ್ಞರು ಹೇಳುವುದು ಇದಕ್ಕೇ.

ಹೆಸರನ್ನು ಮರೆಮಾಡಿದರೆ? ಪ್ರಯೋಜನವಿಲ್ಲ. ಬೀಕನ್ ಎಂದಿನಂತೆ ಹೊರಡುತ್ತದೆ. ಹೆಸರಿನ ಜಾಗ ಮಾತ್ರ ಖಾಲಿ.

ಅಂದಹಾಗೆ, ನೆಟ್‌ವರ್ಕಿಗೆ ಕನ್ನಡದಲ್ಲೂ ಹೆಸರಿಡಬಹುದು. ಆದರೆ ಹೆಸರಿನ ಮಿತಿ 32 ಬೈಟ್. ಯುಟಿಎಫ್-8 ಎಂಬ ಅಕ್ಷರ ಸಂಕೇತದ ಲೆಕ್ಕದಲ್ಲಿ ಕನ್ನಡದ ಮೂಲಾಕ್ಷರಕ್ಕೆ 3 ಬೈಟ್. ಕೊಂಬು, ಗುಡಿಸು, ಅರ್ಧಾಕ್ಷರದ ಚಿಹ್ನೆಗೂ ತಲಾ 3. ಹೀಗಾಗಿ ‘ಬೆಂಗಳೂರು’ 24 ಬೈಟ್‌ನಲ್ಲಿ ಆರಾಮಾಗಿ ಕೂರುತ್ತದೆ. ‘ಚಿಕ್ಕಮಗಳೂರು’ 33, ಒಂದೇ ಒಂದು ಬೈಟ್‌ನಿಂದ ಹೊರಗೆ!