ಕಿಡ್ನಿಯಲ್ಲಿ ಗಡ್ಡೆ: ತೆಗೆಸೋದಾ, ಕಾಯೋದಾ?

ರಾಯಬಾಗದಿಂದ ಮಿರಜಿಗೆ ಹೋಗಿ ಹೊಟ್ಟೆನೋವಿಗೆ ಸ್ಕ್ಯಾನ್ ಮಾಡಿಸಿದಿರಿ. ರಿಪೋರ್ಟಿನಲ್ಲಿ ‘ಆಂಜಿಯೋಮಯೋಲಿಪೋಮಾ’ ಅಂತಿದೆ ಅಂದುಕೊಳ್ಳಿ. ಗಾಬರಿ ಬೇಡ. ಇದು ಕಿಡ್ನಿಯಲ್ಲಿ ರಕ್ತನಾಳ, ಸ್ನಾಯು, ಕೊಬ್ಬು ಸೇರಿ ಬೆಳೆದ ಗಡ್ಡೆ. ಸಾಮಾನ್ಯವಾಗಿ ಕ್ಯಾನ್ಸರ್ ಅಲ್ಲ.

ಚಿಕ್ಕದಿದ್ದು ತೊಂದರೆ ಕೊಡದಿದ್ದರೆ ಆಪರೇಷನ್ ಬೇಕಿಲ್ಲ, ಆಗಾಗ ಅಳತೆ ನೋಡಿಸಿದರೆ ಸಾಕು. ಭಯವಿರುವುದು ರಕ್ತಸ್ರಾವದ್ದು. 4 ಸೆಂ.ಮೀ. ದಾಟಿದರೆ ಚಿಕಿತ್ಸೆ ಅನ್ನೋದು ಹಳೇ ಲೆಕ್ಕ. ಈಗ ಬೆಳೆಯುವ ವೇಗ, ರಕ್ತನಾಳದ ಉಬ್ಬು, ಗರ್ಭಧಾರಣೆಯ ಯೋಚನೆಯನ್ನೂ ತೂಗುತ್ತಾರೆ. ಚಿಕಿತ್ಸೆ ಬೇಕಾದರೂ ಇಡೀ ಕಿಡ್ನಿ ತೆಗೆಯಬೇಕೆಂದೇನಿಲ್ಲ. ಗಡ್ಡೆಯ ರಕ್ತನಾಳವನ್ನಷ್ಟೇ ಮುಚ್ಚುವ ಎಂಬೊಲೈಸೇಶನ್ ಇದೆ.

ತುರ್ತು ಚಿಕಿತ್ಸೆ ದೂರವಿರುವುದೂ ಈ ತೀರ್ಮಾನದಲ್ಲಿ ಲೆಕ್ಕಕ್ಕೆ ಬರುತ್ತದೆ. ರಾತ್ರಿ ಪಕ್ಕೆ ಹಿಡಿದು ನೋವು ಬಂದರೆ ಮಿರಜ್ ಅಥವಾ ಬೆಳಗಾವಿ ಮುಟ್ಟಲು ಎಷ್ಟು ಹೊತ್ತು? ಡಾಕ್ಟರ ಮುಂದೆ ಇದನ್ನೂ ಹೇಳಿ. ಕಾಯೋದು ಅಂದರೆ ಮರೆಯೋದಲ್ಲ.